ಕೆಟ್ಸಾಲ್ ಪಕ್ಷಿಗಳು



ನಮ್ಮ ಮಲೆನಾಡಿನ ಕಾಡುಗಳಲ್ಲಿ ತಿರುಗಾಡಿದವರು ಕಾಕರಣೆ ಹಕ್ಕಿಯನ್ನು ನೋಡಿರಬಹುದು. ನೋಡಿಯೇ ಇದ್ದಾರೆಂದು ಹೇಳುವುದಕ್ಕೆ ಮಾತ್ರ ಧೈರ್ಯ ಸಾಲದು. ಗಂಡುಹಕ್ಕಿಯ ತಲೆ ಕಪ್ಪು, ಬೆನ್ನು ಕಂದು, ಎದೆಗೆ ಅಡ್ಡಲಾಗಿ ಒಂದು ಬಿಳಿಯ ಪಟ್ಟಿ, ಅದರಿಂದ ಕೆಳಗೆ ಹೊಟ್ಟೆಯೆಲ್ಲ ಕುಂಕುಮದ ಕೆಂಪು. ಇಷ್ಟು ಎದ್ದುಕಾಣುವ ಉಡುಗೆಯನ್ನು ತೊಟ್ಟಿದ್ದರೂ ಮನುಷ್ಯನ ಸುಳಿವು ಸಿಕ್ಕಿದೊಡನೆ ಅದು ಕುಳಿತಲ್ಲಿಯೇ ಬೆನ್ನು ತಿರುಗಿಸಿ ಅಲುಗಾಡದೆ ಇದ್ದುಬಿಡುತ್ತದೆ. ಕೆಂಪೆಲ್ಲ ಮರೆಯಾಗಿ, ಒಣಗಿದ ಎಲೆಯ ಬಣ್ಣವೊಂದೇ ನಮ್ಮ ಕಡೆಗೆ ಉಳಿಯುತ್ತದೆ. ನಾವು ಒಮ್ಮೆ ಆಗುಂಬೆಯ ಕಾಡಿನಲ್ಲಿ ಇಂತಹ ಒಂದು ಹಕ್ಕಿಯ ಎದುರಿಗೆ ಬಹಳ ಹೊತ್ತು ನಿಂತಿದ್ದು, ಜೊತೆಗಿದ್ದ ಹಳ್ಳಿಯ ಹುಡುಗನು ಬೆರಳಿಟ್ಟು ತೋರಿಸುವವರೆಗೂ ಅದನ್ನು ಕಾಣಲಾರದೆ ಹೋದೆವು. ಕಂಡ ಮೇಲೆ ಇಷ್ಟು ಹೊತ್ತು ಕಾಣಲಿಲ್ಲವೆ ಎಂದು ನಾಚಿಕೆಯಾಯಿತು.

ಆ ನಾಚಿಕೆಯ ಹಕ್ಕಿಗೆ ದೂರದ ಅಮೆರಿಕ ಖಂಡದಲ್ಲಿ ಕೆಲವು ಮಂದಿ ಬಹು ಪ್ರಸಿದ್ಧರಾದ ನೆಂಟರಿದ್ದಾರೆ. ಇವತ್ತು ಅವರ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಕಾಕರಣೆಯ ಮನೆತನಕ್ಕೆ ಪಕ್ಷಿಶಾಸ್ತ್ರಜ್ಞರು ಟ್ರೋಗನ್ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಕಡಿಯುವುದು, ಕೊರೆಯುವುದು ಎಂದು ಅರ್ಥ. ಕೊಳೆತ ಮರವನ್ನು ಕೊಕ್ಕಿನಿಂದ ಕಡಿದು ಗೂಡು ಮಾಡುವುದರಿಂದ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಆಫ್ರಿಕ, ಏಷ್ಯ, ಅಮೆರಿಕಗಳ ಉಷ್ಣವಲಯದ ಕಾಡುಗಳಲ್ಲಿ ಈ ಮನೆತನದ ಹಕ್ಕಿಗಳು ನಲವತ್ತು ಬಗೆಗೂ ಹೆಚ್ಚಾಗಿ ಇವೆ. ಸಾಮಾನ್ಯವಾಗಿ ಹಕ್ಕಿಗಳ ಕಾಲಿನಲ್ಲಿ ಮೂರು ಬೆರಳು ಮುಂದಕ್ಕೆ, ಒಂದು ಹಿಂದಕ್ಕೆ. ಗಿಳಿಗೆ ಎರಡು ಮುಂದೆ, ಎರಡು ಹಿಂದೆ. ಟ್ರೋಗನ್‌ಗಳಿಗೂ ಎರಡೆರಡೇ, ಆದರೆ ಗಿಳಿಯಲ್ಲಿ ಹಿಂದಕ್ಕೆ ತಿರುಗಿರುವುದು ಒಂದನೆಯ ಮತ್ತು ನಾಲ್ಕನೆಯ ಬೆರಳಾದರೆ, ಇವುಗಳಲ್ಲಿ ಒಂದನೆಯದು ಮತ್ತು ಎರಡನೆಯದು. ಇನ್ನಾವ ಹಕ್ಕಿಗೂ ಈ ಏರ್ಪಾಡಿಲ್ಲ. ಮನೆತನದ ಗುರುತು ಕಾಲಿನಲ್ಲಿದೆ ಎಂದಂತಾಯಿತು.

ಈ ದೊಡ್ಡ ಮನೆತನದಲ್ಲಿ ಒಂದು ಸಣ್ಣ ಕುಲ ಕೆಟ್ಸಾಲ್‌ಗಳದು. ಇರುವುದು ಐದೇ ಬಗೆ. ನಾಲ್ಕು ದಕ್ಷಿಣ ಅಮೆರಿಕಕ್ಕೆ ಸೇರಿದವು. ಅವುಗಳಲ್ಲಿ ಒಂದು ಅಮೆಜಾನ್ ನದಿಯ ತಗ್ಗು ಪ್ರದೇಶದಲ್ಲಿದ್ದರೆ ಉಳಿದವು ಬೆಟ್ಟದ ಕಾಡುಗಳಲ್ಲಿವೆ. ಐದನೆಯದೇ ಕುಲದೀಪಕ. ಮೆಕ್ಸಿಕೊ ದೇಶದ ದಕ್ಷಿಣ ತುದಿಯಿಂದ ಗ್ವಾಟೆಮಾಲ, ಕೋಸ್ಟರಿಕ ಮೊದಲಾದ ದೇಶಗಳ ಮೂಲಕ ಪನಾಮದ ಪಶ್ಚಿಮ ಭಾಗದವರೆಗೆ, ಸುಮಾರು ನಾಲ್ಕು ಸಾವಿರದಿಂದ ಹತ್ತು ಸಾವಿರ ಅಡಿ ಎತ್ತರದಲ್ಲಿ, ವರ್ಷದ ಬಹುಭಾಗ ಮೋಡದಲ್ಲಿ ನೆನೆಯುತ್ತಿರುವ ಕಾಡುಗಳಲ್ಲಿ ಇದರ ವಾಸ. ಮರಗಳ ಮೈಮೇಲೆಲ್ಲ ಹಾವಸೆ, ಜರಿಗಿಡ, ಸೀತಾಳೆ. ಆಗುಂಬೆಯ ಮಳೆಗಾಲವನ್ನು ಕಂಡವರು ಅದಕ್ಕೆ ಚಳಿಯನ್ನೂ ಸೇರಿಸಿಕೊಂಡರೆ ಆ ಕಾಡು ಕಣ್ಣಿಗೆ ಕಟ್ಟುತ್ತದೆ.

ಈ ಹಕ್ಕಿಯ ಮೈ ಸುಮಾರು ಒಂದೂಕಾಲು ಅಡಿ. ಪಾರಿವಾಳಕ್ಕಿಂತ ಅಷ್ಟೇನೂ ದೊಡ್ಡದಲ್ಲ. ತಲೆ, ಬೆನ್ನು, ಎದೆಯ ಮೇಲ್ಭಾಗ ಎಲ್ಲವೂ ಪಚ್ಚೆಯ ಹಸುರು. ಹೊಟ್ಟೆ ರಕ್ತದ ಕೆಂಪು. ಬಾಲದ ಒಳಬದಿ ಬಿಳಿ. ಗಂಡಿನ ತಲೆಯ ಮೇಲೆ ಕತ್ತರಿಸಿಟ್ಟ ಮಖಮಲ್ಲಿನಂತಹ ಗಿಡ್ಡ ಜುಟ್ಟು. ಇಷ್ಟಕ್ಕೇ ಮುಗಿದಿದ್ದರೆ ಚೆಲುವಾದ ಹಕ್ಕಿಗಳಲ್ಲಿ ಇದೂ ಒಂದೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಗಂಡಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಬೆನ್ನಿನ ಕೊನೆಯಿಂದ ನಾಲ್ಕು ನೀಳವಾದ ಗರಿಗಳು ಹೊರಡುತ್ತವೆ. ಅವುಗಳಲ್ಲಿ ಎರಡು ಬೆಳೆದು ಬೆಳೆದು, ಬಾಲವನ್ನು ದಾಟಿ, ಕೆಲವು ಹಕ್ಕಿಗಳಲ್ಲಿ ಮೂರು ಅಡಿಯವರೆಗೆ ಜೋಲಾಡುತ್ತವೆ. ಇದನ್ನು ಬಾಲವೆನ್ನಬಾರದು. ಬಾಲದ ಬುಡವನ್ನು ಮುಚ್ಚುವ ಮೇಲ್ಗರಿಗಳೇ ಹೀಗೆ ನೀಳವಾಗಿವೆ. ನಮ್ಮ ನವಿಲಿನದೂ ಇದೇ ಕಥೆ. ಸಾವಿರ ಕಣ್ಣಿನ ಆ ಗರಿಯೂ ಬಾಲವಲ್ಲ, ಬಾಲದ ಹೊದಿಕೆ. ನಿಜವಾದ ಬಾಲ ಅದರ ಹಿಂದೆ ನಿಂತು ಭಾರ ಹೊರುತ್ತದೆ. ಕೆಟ್ಸಾಲ್ ಕುಲಕ್ಕೆ ಶಾಸ್ತ್ರಜ್ಞರು ಕೊಟ್ಟಿರುವ ಫ್ಯಾರೊಮ್ಯಾಕ್ರಸ್ ಎಂಬ ಹೆಸರಿಗೆ ನೀಳವಾದ ಉತ್ತರೀಯವುಳ್ಳದ್ದು ಎಂದು ಅರ್ಥ.

ಈ ಹಸುರಿನ ವಿಷಯದಲ್ಲಿ ಒಂದು ವಿಚಿತ್ರವುಂಟು. ಗರಿಯಲ್ಲಿ ಹಸುರು ಬಣ್ಣವೆಂಬುದೇ ಇಲ್ಲ. ಅದನ್ನು ಅರೆದು ಪುಡಿಮಾಡಿದರೆ ಸಿಕ್ಕುವುದು ಕಂದುಬಣ್ಣದ ಪುಡಿ. ಗರಿಯ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಪದರ ಪದರವಾಗಿ ಜೋಡಣೆಗೊಂಡಿದ್ದು, ಬಿದ್ದ ಬೆಳಕಿನಲ್ಲಿ ಹಸುರನ್ನು ಮಾತ್ರ ಬಲವಾಗಿ ಹಿಂದಿರುಗಿಸುತ್ತವೆ. ನೋಡುವ ಕೋನ ಬದಲಾದರೆ ಹಸುರು ಹೊನ್ನಾಗುತ್ತದೆ, ನೀಲಿಯಾಗುತ್ತದೆ. ಸಾಬೂನಿನ ಗುಳ್ಳೆಯ ಮೇಲೆ ಬಣ್ಣಗಳು ಓಡಾಡುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೊಟ್ಟೆಯ ಕೆಂಪು ಹಾಗಲ್ಲ. ಅದು ತಿಂದ ಆಹಾರದಿಂದ ಬಂದ ನಿಜವಾದ ಬಣ್ಣ; ಬೆಳಕಿಗಿಟ್ಟರೆ ಮಾಸುತ್ತದೆ. ಈ ಮನೆತನದ ಹಕ್ಕಿಗಳ ಚರ್ಮವಂತೂ ಕಾಗದದಷ್ಟು ತೆಳು. ಮುಟ್ಟಿದರೆ ಗರಿ ಉದುರುತ್ತದೆ. ವಸ್ತುಸಂಗ್ರಹಾಲಯಗಳಿಗಾಗಿ ಇವುಗಳನ್ನು ಹದಮಾಡುವವರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಕೆಟ್ಸಾಲ್ ಎಂಬುದು ಮೆಕ್ಸಿಕೊದ ಅಜ್ಟೆಕ್ ಜನರ ನಾವಾಟ್ಲ್ ಭಾಷೆಯಿಂದ ಬಂದ ಮಾತು. ಕೆಟ್ಸಾಲ್ಲಿ ಎಂದರೆ ಅವರಲ್ಲಿ ಈ ನೀಳವಾದ ಹಸುರು ಗರಿ. ಅಮೂಲ್ಯವಾದದ್ದು ಎಂಬ ಅರ್ಥವೂ ಅದಕ್ಕೆ ಉಂಟು. ಗರಿಯಿಂದ ಹಕ್ಕಿಗೆ ಹೆಸರು ಬಂದಿತು, ದೇವರಿಗೂ ಬಂದಿತು. ಕೆಟ್ಸಾಲ್‌ಕೋಆಟ್ಲ್ ಎಂದರೆ ಈ ಗರಿಗಳನ್ನು ತೊಟ್ಟ ಸರ್ಪ. ನಮ್ಮ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ನವಿಲೂ ಹಾವೂ ಹಗೆತನ ಮರೆತು ಜೊತೆಯಾಗಿ ಇರುತ್ತವೆ. ಅಲ್ಲಿ ಹಕ್ಕಿಯೂ ಹಾವೂ ಒಂದೇ ದೇಹವಾಗಿಬಿಟ್ಟಿವೆ. ಅಜ್ಟೆಕರಿಗಿಂತ ಎಷ್ಟೋ ಹಿಂದಿನವರಾದ ಮಾಯಾ ಜನರೂ ಈ ಹಕ್ಕಿಯನ್ನು ಬಲ್ಲವರೇ. 426ರಲ್ಲಿ ಕೋಪಾನ್ ನಗರದ ರಾಜವಂಶವನ್ನು ಸ್ಥಾಪಿಸಿದ ಅರಸನ ಹೆಸರಿನಲ್ಲಿ ಕೆಟ್ಸಾಲ್ ಮತ್ತು ಮಕಾವ್ ಗಿಳಿ ಎರಡೂ ಸೇರಿವೆ.

ಅಜ್ಟೆಕ್ ಚಕ್ರವರ್ತಿಗಳಿಗೆ ಸಾಮಂತ ಸೀಮೆಗಳಿಂದ ಬರುತ್ತಿದ್ದ ಕಪ್ಪಕಾಣಿಕೆಗಳ ಪಟ್ಟಿಯೊಂದು ಉಳಿದುಬಂದಿದೆ. ಸುಮಾರು 1541ರಲ್ಲಿ ಬರೆಯಿಸಿದ ಆ ಚಿತ್ರಗ್ರಂಥ ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಭಂಡಾರದಲ್ಲಿದೆ. ಜೇಡ್ ಮಣಿ, ಕೋಕೊ ಬೀಜ, ಹತ್ತಿಯ ಬಟ್ಟೆಗಳ ಜೊತೆಗೆ ಈ ಹಸುರು ಗರಿಗಳ ಕಟ್ಟುಗಳನ್ನೂ ಅದರಲ್ಲಿ ಎಣಿಸಿ ಬರೆದಿದ್ದಾರೆ. ಗರಿಗಳನ್ನು ಹೆಣೆದು ಕಿರೀಟ, ಗುರಾಣಿ, ಬೀಸಣಿಗೆಗಳನ್ನು ಮಾಡುವ ಕಸುಬುಗಾರರದೇ ಒಂದು ಬೀದಿಯಿತ್ತು. ಅವರ ಕೆಲಸದ ಕ್ರಮವನ್ನು ಸಾಹಗೂನ್ ಎಂಬ ಸ್ಪೇನಿನ ಪಾದ್ರಿ ವಿವರವಾಗಿ ಬರೆದಿಟ್ಟಿದ್ದಾನೆ.

ಹಾಗಾದರೆ ಅಂದಿನವರು ಎಷ್ಟು ಹಕ್ಕಿಗಳನ್ನು ಕೊಂದರೋ ಎಂದು ಶ್ರೋತೃಗಳಿಗೆ ತೋರಬಹುದು. ಇಲ್ಲಿಯೇ ಸ್ವಾರಸ್ಯವಿರುವುದು. ಗ್ವಾಟೆಮಾಲದ ವೆರಪಾಸ್ ಸೀಮೆಯಲ್ಲಿ ಈ ಹಕ್ಕಿಯನ್ನು ಕೊಂದವನಿಗೆ ಮರಣದಂಡನೆಯಾಗುತ್ತಿತ್ತೆಂದು ಲಾಸ್ ಕಾಸಾಸ್ ಎಂಬ ಬಿಷಪ್ ಬರೆದಿದ್ದಾನೆ. ಅಂಟು ಹಚ್ಚಿ ಹಕ್ಕಿಯನ್ನು ಹಿಡಿಯುವುದು, ನೀಳವಾದ ಗರಿಗಳನ್ನು ಕಿತ್ತುಕೊಳ್ಳುವುದು, ಹಕ್ಕಿಯನ್ನು ಹಾರಲು ಬಿಡುವುದು. ಇಷ್ಟೇ ಅವರ ಪದ್ಧತಿ. ಮುಂದಿನ ವರ್ಷಕ್ಕೆ ಗರಿ ಮತ್ತೆ ಬೆಳೆಯುತ್ತದೆ. ನಮ್ಮಲ್ಲಿ ಮಳೆಗಾಲ ಕಳೆದ ಮೇಲೆ ನವಿಲು ಉದುರಿಸಿದ ಗರಿಗಳನ್ನು ಹಳ್ಳಿಯ ಮಕ್ಕಳು ಆಯ್ದುಕೊಳ್ಳುವುದನ್ನು ಇದಕ್ಕೆ ಹೋಲಿಸಬಹುದಾದರೂ, ನಮ್ಮ ಮಕ್ಕಳ ಪದ್ಧತಿಯೇ ಹಕ್ಕಿಗೆ ಹೆಚ್ಚು ಹಿತವೆಂದು ಒಪ್ಪಬೇಕು. ಬೋಳಾಗಿ ಹಾರಿಹೋದ ಆ ಕೆಟ್ಸಾಲ್‌ಗೆ ಆ ವರ್ಷ ಹೆಣ್ಣು ಒಲಿಯಿತೋ ಇಲ್ಲವೋ, ಯಾರೂ ಬರೆದಿಟ್ಟಿಲ್ಲ.

ಆ ಕಾಲದ ಕೆಲಸದ ದೊಡ್ಡ ಸಾಕ್ಷಿ ಈಗ ಉಳಿದಿರುವುದು ಮೆಕ್ಸಿಕೊದಲ್ಲಲ್ಲ, ಆಸ್ಟ್ರಿಯದ ವಿಯೆನ್ನ ನಗರದ ವಸ್ತುಸಂಗ್ರಹಾಲಯದಲ್ಲಿ. ಸುಮಾರು ನಾಲ್ಕು ಅಡಿ ಎತ್ತರದ ಒಂದು ಗರಿಯ ಶಿರೋಭೂಷಣ. ಕೆಟ್ಸಾಲ್‌ನ ನೀಳವಾದ ಗರಿಗಳೇ ಅದರಲ್ಲಿ ನಾನೂರೈವತ್ತರಷ್ಟಿವೆ. ಒಂದು ಹಕ್ಕಿಗೆ ನಾಲ್ಕರಂತೆ ಲೆಕ್ಕ ಹಾಕಿದರೂ ನೂರಕ್ಕೆ ಮೀರಿದ ಗಂಡುಹಕ್ಕಿಗಳ ಸಿರಿ ಅದು. 1596ರಲ್ಲಿ ಆಂಬ್ರಾಸ್ ಕೋಟೆಯ ವಸ್ತುಗಳ ಪಟ್ಟಿಯನ್ನು ಬರೆದವರಿಗೆ ಇದು ಏನೆಂದೇ ತಿಳಿಯದೆ, ಮೂರ್ ಜನರ ಟೋಪಿ ಎಂದು ದಾಖಲೆಮಾಡಿದರು. ಜನ ಅದನ್ನು ಮೊಕ್ಟೆಸುಮ ಚಕ್ರವರ್ತಿಯ ಕಿರೀಟವೆಂದು ಕರೆಯುತ್ತಾರೆ. ಅವನು ಅದನ್ನು ಧರಿಸಿದ್ದನೆಂಬುದಕ್ಕೆ ಆಧಾರವಿಲ್ಲ. ಮೆಕ್ಸಿಕೊ ಅದನ್ನು ಹಿಂದಕ್ಕೆ ಕೇಳಿದೆ. ಪ್ರಯಾಣದ ಅಲುಗಾಟಕ್ಕೆ ಗರಿಗಳು ತಾಳಲಾರವೆಂಬುದು ಅಲ್ಲಿಯವರ ಉತ್ತರ.

ಸ್ಪೇನಿನವರು ಬಂದರು, ಗರಿಯ ಕಿರೀಟಗಳ ಕಾಲ ಮುಗಿಯಿತು, ಗರಿಯನ್ನು ಕಾಯುತ್ತಿದ್ದ ಕಟ್ಟಳೆಯೂ ಮುಗಿಯಿತು. 1832ರಲ್ಲಿ ಪಾಬ್ಲೊ ದೆ ಲಾ ಯಾವೆ ಎಂಬಾತನು ಈ ಹಕ್ಕಿಗೆ ಶಾಸ್ತ್ರೀಯವಾಗಿ ನಾಮಕರಣ ಮಾಡಿ, ಮೊಸಿನ್ಯೊ ಎಂಬ ಮೆಕ್ಸಿಕೊದ ಪ್ರಕೃತಿಶಾಸ್ತ್ರಜ್ಞನ ಹೆಸರನ್ನು ಅದಕ್ಕೆ ಸೇರಿಸಿದನು. ಅನಂತರ ಯೂರೋಪಿನ ಸಂಗ್ರಾಹಕರಿಗೂ ಸಿಂಗಾರಪ್ರಿಯರಿಗೂ ಹಕ್ಕಿಯ ಚರ್ಮ ಬೇಕಾಯಿತು. ಕೊಂದವನನ್ನು ಹಿಂದೆ ಕೊಲ್ಲುತ್ತಿದ್ದ ಆ ವೆರಪಾಸ್ ಸೀಮೆಯಿಂದಲೇ ಚರ್ಮಗಳು ಹೊರಟವು. ಗರಿ ಕಿತ್ತು ಬಿಡುವ ಸಹನೆ ಈ ವ್ಯಾಪಾರಕ್ಕಿರಲಿಲ್ಲ.

ಅದೇ ಕಾಲಕ್ಕೆ ಗ್ವಾಟೆಮಾಲ ಇದನ್ನು ತನ್ನ ರಾಷ್ಟ್ರಪಕ್ಷಿಯನ್ನಾಗಿ ಮಾಡಿಕೊಂಡಿತು. 1871ರ ರಾಜಲಾಂಛನದಲ್ಲಿ, ಸ್ವಾತಂತ್ರ್ಯದ ದಿನವನ್ನು ಬರೆದ ಸುರುಳಿಯ ಮೇಲೆ ಕೆಟ್ಸಾಲ್ ಕುಳಿತಿದೆ. ಅಂಚೆಚೀಟಿಗಳನ್ನು ಕೂಡಿಡುವ ಅಭ್ಯಾಸವಿರುವವರು 1879ರ ಚೀಟಿಗಳಲ್ಲಿ ಅದನ್ನು ನೋಡಿರಬಹುದು. 1925ರಿಂದ ಆ ದೇಶದ ನಾಣ್ಯದ ಹೆಸರೂ ಕೆಟ್ಸಾಲ್. ಪಂಜರದಲ್ಲಿಟ್ಟರೆ ಇದು ಪ್ರಾಣಬಿಡುತ್ತದೆ, ಆದುದರಿಂದ ಇದು ಸ್ವಾತಂತ್ರ್ಯದ ಹಕ್ಕಿ ಎಂಬ ನಂಬಿಕೆ ಅಲ್ಲಿ ಬಲವಾಗಿದೆ. 1524ರಲ್ಲಿ ಸ್ಪೇನಿನವರೊಡನೆ ಕಾದಿ ಮಡಿದ ಕಿಚೆ ವೀರ ತೆಕೂನ್ ಉಮಾನನ ಎದೆಯ ಮೇಲೆ ಈ ಹಕ್ಕಿ ಬಂದು ಕುಳಿತದ್ದರಿಂದಲೇ ಅದರ ಹೊಟ್ಟೆ ಕೆಂಪಾಯಿತೆಂಬ ಕಥೆಯೂ ಉಂಟು. ಕಥೆ ಕಥೆಯಾಗಿಯೇ ಇರಲಿ. ಪಂಜರದ ಮಾತು ಮಾತ್ರ ಪೂರ್ಣ ಸತ್ಯವಲ್ಲ. ಬಹಳ ಕಷ್ಟಪಟ್ಟು ಮೃಗಾಲಯಗಳಲ್ಲಿ ಇದನ್ನು ಸಾಕಿದ್ದುಂಟು.

ಇಷ್ಟೆಲ್ಲ ಕೀರ್ತಿ ಬಂದ ಮೇಲೆಯೂ ಈ ಹಕ್ಕಿ ಮನೆಯಲ್ಲಿ ಹೇಗೆ ಬದುಕುತ್ತದೆಂಬುದು ಸರಿಯಾಗಿ ತಿಳಿದಿರಲಿಲ್ಲ. ಗೂಡಿಗೆ ಎರಡು ಬಾಗಿಲಿರುತ್ತದೆ, ಗಂಡು ಒಂದರಿಂದ ಒಳಹೊಕ್ಕು ಗರಿಗಳನ್ನು ಇನ್ನೊಂದರಿಂದ ಹೊರಗೆ ಚಾಚಿಕೊಂಡಿರುತ್ತದೆ ಎಂದು ಹೇಳುತ್ತಿದ್ದರು. ಇದನ್ನು ಕಣ್ಣಾರೆ ನೋಡಿ ಪರಿಹರಿಸಿದವನು ಅಲೆಕ್ಸಾಂಡರ್ ಸ್ಕಚ್ ಎಂಬ ಅಮೆರಿಕದ ಪಂಡಿತ. ಕಲಿತದ್ದು ಸಸ್ಯಶಾಸ್ತ್ರ, ಮನಸ್ಸು ಹೋದದ್ದು ಹಕ್ಕಿಗಳ ಕಡೆಗೆ. ಕೋಸ್ಟರಿಕದಲ್ಲಿ ನೆಲೆಸಿ, ನೂರು ವರ್ಷ ತುಂಬುವುದಕ್ಕೆ ಕೆಲವೇ ದಿನಗಳ ಮುಂಚೆ, 2004ರಲ್ಲಿ ತೀರಿಕೊಂಡನು. 1937-38ರಲ್ಲಿ ಅವನು ಅಲ್ಲಿಯ ಬೆಟ್ಟದ ಕಾಡಿನಲ್ಲಿ ವಾಸಮಾಡಿ, ಗೂಡುಗಳ ಎದುರಿಗೆ ಗಂಟೆಗಟ್ಟಲೆ ಕುಳಿತು ನೋಡಿದುದನ್ನು 1944ರಲ್ಲಿ ಪ್ರಕಟಿಸಿದನು.

ಗೂಡಿಗೆ ಒಂದೇ ಬಾಗಿಲು. ಸತ್ತು, ಕೊಳೆತು, ಇನ್ನೂ ಬೀಳದೆ ನಿಂತಿರುವ ಮರದ ಬೊಡ್ಡೆಯೇ ಇದಕ್ಕೆ ಬೇಕು. ಮರಕುಟಿಗನಂತೆ ಗಟ್ಟಿಮರವನ್ನು ಕೆತ್ತುವ ಶಕ್ತಿ ಇದರ ಕೊಕ್ಕಿಗೆ ಇಲ್ಲ. ಗಂಡುಹೆಣ್ಣು ಎರಡೂ ಸೇರಿ ಮೆತ್ತನೆಯ ಮರವನ್ನು ಕಚ್ಚಿ ಕಚ್ಚಿ ತೆಗೆಯುತ್ತವೆ. ತಿಳಿನೀಲಿಯ ಎರಡು ಮೊಟ್ಟೆಗಳು. ಹದಿನೆಂಟು ದಿನದಷ್ಟು ಕಾವು. ಗಂಡು ಕಾವಿಗೆ ಕೂರುವಾಗ ಒಳಗೆ ತಿರುಗಿ ಮುಖವನ್ನು ಬಾಗಿಲಿಗೆ ಮಾಡುತ್ತದೆ. ಗರಿಗಳು ಬೆನ್ನಿನ ಮೇಲೆ ಮಡಿಸಿಕೊಂಡು ತಲೆಯ ಮೇಲುಗಡೆಯಿಂದ ಹೊರಕ್ಕೆ ಬಂದು ಗಾಳಿಯಲ್ಲಿ ಆಡುತ್ತಿರುತ್ತವೆ. ದೂರದಿಂದ ನೋಡುವವರಿಗೆ ಮರದ ಬೊಡ್ಡೆಯಲ್ಲಿ ಬೆಳೆದ ಜರಿಗಿಡ! ಚಕ್ರವರ್ತಿಗಳು ತಲೆಯ ಮೇಲೆ ಹೊತ್ತ ಗರಿ ಹೀಗೆ ದಿನದಿನವೂ ಗೂಡಿನ ಬಾಯಿಗೆ ಉಜ್ಜಿ, ಮರಿಗಳು ಹಾರುವ ಹೊತ್ತಿಗೆ ಮುರಿದು ಚಿಂದಿಯಾಗಿರುತ್ತದೆ. ನಮಗೆ ವಿಯೆನ್ನದ ಆ ಕಿರೀಟಕ್ಕಿಂತ ಈ ಹರಕು ಗರಿಯೇ ಹೆಚ್ಚು ಪ್ರಿಯ.

ಆದರೆ ಕೊಳೆತ ಬೊಡ್ಡೆ ಎಷ್ಟು ದಿನ ನಿಂತೀತು? ಒಂದು ಗಾಳಿಮಳೆಗೆ ಉರುಳುತ್ತದೆ. ಮತ್ತೊಂದು ಮರ ಮುಪ್ಪಾಗಿ ಸತ್ತು ಹದಕ್ಕೆ ಬರಬೇಕು. ಕಾಡನ್ನು ಚೊಕ್ಕಟ ಮಾಡುತ್ತೇವೆಂದು ಒಣಮರಗಳನ್ನು ಮೊದಲು ಕಡಿಯುವವನು ತಾನು ಕೆಟ್ಸಾಲ್‌ನ ಮನೆಯನ್ನು ಕೆಡವಿದೆನೆಂದು ಅರಿಯನು. ಅವನು ಆ ಹಕ್ಕಿಯನ್ನು ಕಂಡೇ ಇರಲಾರ.

ಆಹಾರದ ಮಾತೂ ಹೀಗೆಯೇ. ಮರಿಗಳಿಗೆ ಮೊದಲ ದಿನಗಳಲ್ಲಿ ಹುಳು, ಸಣ್ಣ ಹಲ್ಲಿ, ಕಪ್ಪೆಗಳನ್ನು ತಂದುಕೊಡುತ್ತದೆಯಾದರೂ ಬೆಳೆದ ಹಕ್ಕಿಗೆ ಮುಖ್ಯವಾಗಿ ಬೇಕಾದದ್ದು ಹಣ್ಣು; ಅದರಲ್ಲಿಯೂ ಬೆಣ್ಣೆಹಣ್ಣಿನ ಜಾತಿಯ ಕಾಡುಮರಗಳ ಹಣ್ಣು. ನಮ್ಮ ದಾಲ್ಚಿನ್ನಿಯೂ ಇದೇ ಬಳಗಕ್ಕೆ ಸೇರಿದ್ದು. ಈ ಕಾಡುಹಣ್ಣಿನಲ್ಲಿ ಬೀಜವೇ ದೊಡ್ಡದು, ತಿರುಳು ಒಂದು ಪೊರೆಯಷ್ಟು. ಹಕ್ಕಿ ರೆಂಬೆಯಿಂದ ಹಾರಿ, ಗಾಳಿಯಲ್ಲಿಯೇ ಹಣ್ಣನ್ನು ಕಿತ್ತು, ಇಡಿಯಾಗಿ ನುಂಗಿ, ಸ್ವಲ್ಪ ಹೊತ್ತಿನ ಮೇಲೆ ಬೀಜವನ್ನು ಕಕ್ಕುತ್ತದೆ. ಬೀಜ ತಾಯಿಮರದಿಂದ ದೂರ ಬೀಳುತ್ತದೆ. ಅಲ್ಲೊಂದು ಸಸಿ ಹುಟ್ಟಬಹುದು. ಕೋಸ್ಟರಿಕದ ಮೊಂಟೆವೆರ್ಡೆ ಎಂಬಲ್ಲಿ ವೀಲ್‌ರೈಟ್ ಎಂಬ ವಿದ್ವಾಂಸನು ಇದನ್ನು ಶೋಧಿಸಿ 1983ರಲ್ಲಿ ಬರೆದನು. ಒಂದೊಂದು ಮರವೂ ಒಂದೊಂದು ಕಾಲಕ್ಕೆ, ಒಂದೊಂದು ಎತ್ತರದಲ್ಲಿ ಹಣ್ಣಾಗುವುದರಿಂದ ಹಕ್ಕಿಯೂ ಅದರ ಬೆನ್ನುಹತ್ತಿ ಹೋಗಬೇಕಾಗುತ್ತದೆ.

ಮೊಂಟೆವೆರ್ಡೆಯ ಹೆಸರು ಬಂದದ್ದರಿಂದ ಅದರ ವೃತ್ತಾಂತವನ್ನೂ ಎರಡು ಮಾತಿನಲ್ಲಿ ಹೇಳುತ್ತೇವೆ. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದ ಕೆಲವು ಕುಟುಂಬಗಳು ಅಮೆರಿಕ ಸಂಯುಕ್ತ ಸಂಸ್ಥಾನಗಳನ್ನು ಬಿಟ್ಟು, 1948ರಲ್ಲಿ ಸೈನ್ಯವನ್ನೇ ರದ್ದುಮಾಡಿದ್ದ ಕೋಸ್ಟರಿಕಕ್ಕೆ ಬಂದು, 1951ರಲ್ಲಿ ಅಲ್ಲಿ ನೆಲೆಸಿದವು. ಹಸು ಸಾಕಿ ಗಿಣ್ಣು ಮಾಡುವುದು ಅವರ ಜೀವನೋಪಾಯ; ಇಲ್ಲಿ ಗಿಣ್ಣೆಂದರೆ ಯೂರೋಪಿಯನರು ಚೀಸ್ ಎನ್ನುವ ಪದಾರ್ಥ. ಹಳ್ಳಕ್ಕೆ ನೀರು ಬೇಕಾದರೆ ನೆತ್ತಿಯ ಕಾಡು ಉಳಿಯಬೇಕೆಂದು ಅದನ್ನು ಕಡಿಯದೆ ಬಿಟ್ಟರು. 1972ರಲ್ಲಿ ಅದಕ್ಕೆ ಹೊಂದಿಕೊಂಡಂತೆ ರಕ್ಷಿತಾರಣ್ಯವಾಯಿತು. ಕೆಟ್ಸಾಲ್ ಇನ್ನು ನಿಶ್ಚಿಂತವೆಂದೇ ಎಲ್ಲರೂ ಭಾವಿಸಿದರು.

ಆಮೇಲೆ ಪೊವೆಲ್ ಮತ್ತು ಬ್ಯೋರ್ಕ್ ಎಂಬ ಇಬ್ಬರು ಶೋಧಕರು ಕೆಲವು ಕೆಟ್ಸಾಲ್‌ಗಳ ಮೈಗೆ ಸಣ್ಣ ರೇಡಿಯೊ ಯಂತ್ರಗಳನ್ನು ಕಟ್ಟಿ ಬಿಟ್ಟರು. ಈ ನಮ್ಮ ಮಾತನ್ನು ತಮ್ಮ ಮನೆಗೆ ಮುಟ್ಟಿಸುತ್ತಿರುವ ವಿದ್ಯೆಯೇ ಅಲ್ಲಿ ಹಕ್ಕಿಯ ಬೆನ್ನೇರಿತು. ಒಂದೊಂದು ಹಕ್ಕಿಯೂ ಒಂದು ಪುಟ್ಟ ಬಾನುಲಿ ನಿಲಯವಾಗಿ ತಾನಿರುವ ಎಡೆಯನ್ನು ಸಾರುತ್ತ ಹೋಯಿತು. 1995ರಲ್ಲಿ ಪ್ರಕಟವಾದ ಫಲಿತಾಂಶ ಸಂತೋಷದ್ದಾಗಿರಲಿಲ್ಲ. ಮರಿ ಮಾಡುವ ಕಾಲ ಮುಗಿದೊಡನೆ ಹಕ್ಕಿಗಳು ರಕ್ಷಿತಾರಣ್ಯವನ್ನು ಬಿಟ್ಟು ಪಶ್ಚಿಮದ ಇಳಿಜಾರಿಗೆ ಇಳಿದು ಕೆಲವು ತಿಂಗಳು ಇರುತ್ತವೆ. ಅನಂತರ ಬೆಟ್ಟದ ನೆತ್ತಿಯನ್ನು ದಾಟಿ ಪೂರ್ವದ ಇಳಿಜಾರಿಗೆ ಹೋಗುತ್ತವೆ. ಕಡೆಗೆ ಗೂಡಿನ ಕಾಡಿಗೆ ಮರಳುತ್ತವೆ. ಪಶ್ಚಿಮದ ಇಳಿಜಾರಿನ ಕಾಡೆಲ್ಲ ಆ ವೇಳೆಗೆ ಹುಲ್ಲುಗಾವಲೂ ಹೊಲವೂ ಆಗಿ, ಅಲ್ಲಲ್ಲಿ ತುಂಡುತುಂಡಾಗಿ ಮಾತ್ರ ಉಳಿದಿತ್ತು. ಹಕ್ಕಿಯ ವರ್ಷದಲ್ಲಿ ಆರೇಳು ತಿಂಗಳನ್ನು ಮನುಷ್ಯನು ಕಾಯುತ್ತಿದ್ದನು, ಉಳಿದ ತಿಂಗಳುಗಳನ್ನು ಕಡಿಯುತ್ತಿದ್ದನು.

ಕಾಯಹೊರಟವರಿಗೆ ಒದಗಿದ ಕಷ್ಟಗಳೂ ಸಣ್ಣವಲ್ಲ. ಗ್ವಾಟೆಮಾಲದಲ್ಲಿ ಮಾರಿಯೊ ದಾರಿ ರಿವೇರ ಎಂಬ ಜೀವಶಾಸ್ತ್ರಜ್ಞನು 1970ರ ದಶಕದಲ್ಲಿ ತನ್ನ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ, ವೆರಪಾಸ್ ಸೀಮೆಯ ಪುರುಲಾ ಎಂಬಲ್ಲಿ ಕೆಟ್ಸಾಲ್‌ಗಾಗಿಯೇ ಒಂದು ಕಾಡನ್ನು ಕಾಯ್ದಿರಿಸಿದನು. ಆ ದೇಶ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಕಾಲ. ವಿಶ್ವವಿದ್ಯಾನಿಲಯದ ಮುಖ್ಯಸ್ಥನಾಗಿದ್ದಾಗಲೇ, 1981ರ ಡಿಸೆಂಬರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಕಾಡು ಉಳಿದಿದೆ, ಅದಕ್ಕೆ ಅವನ ಹೆಸರನ್ನು ಇಟ್ಟಿದ್ದಾರೆ.

ಇಂದು ಕೆಟ್ಸಾಲ್ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿಷೇಧವಿದೆ. ಅಪಾಯದ ಅಂಚಿಗೆ ಸಮೀಪಿಸಿರುವ ಹಕ್ಕಿಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದಾರೆ. ಗರಿಗಾಗಿ ಕೊಲ್ಲುವವರು ಬಹುಮಟ್ಟಿಗೆ ಇಲ್ಲವಾದರು. ಕಾಡು ಮಾತ್ರ ಕರಗುತ್ತಿದೆ.

ಕೋಸ್ಟರಿಕದ ಸಾನ್ ಹೆರಾರ್ಡೊ ದೆ ದೋಟ ಎಂಬ ಕಣಿವೆಯಲ್ಲಿ ಈಗ ಬೇರೊಂದು ರೂಢಿ ಬಂದಿದೆ. ಅಲ್ಲಿಯ ರೈತರು ಹುಲ್ಲುಗಾವಲಿನ ನಡುವೆಯೂ ಕಾಡುಬೆಣ್ಣೆಹಣ್ಣಿನ ಮರಗಳನ್ನು ಕಡಿಯದೆ ಉಳಿಸಿಕೊಳ್ಳುತ್ತಾರೆ. ಹಣ್ಣಿನ ಕಾಲದಲ್ಲಿ ಬೆಳಗಿನ ಜಾವ, ಚಳಿಯಲ್ಲಿ ಕಂಬಳಿ ಹೊದ್ದು, ಪರಸ್ಥಳದ ಜನ ಬೇಲಿಯ ಬಳಿ ಬಂದು ಕಾದು ನಿಲ್ಲುತ್ತಾರೆ. ಅದರಿಂದ ರೈತರಿಗೂ ನಾಲ್ಕು ಕಾಸು. ಮಂಜು ಸರಿದಾಗ ಮರದಲ್ಲಿ ಎಲೆಗಳ ಹೊರತು ಏನೂ ಕಾಣುವುದಿಲ್ಲ. ನಮ್ಮ ಕಾಕರಣೆಯಂತೆಯೇ ಅದೂ ಜನರಿಗೆ ಬೆನ್ನು ಮಾಡಿ ಕುಳಿತಿರುತ್ತದೆ. ಆಮೇಲೆ ಒಂದು ಹಣ್ಣಿನ ಆಸೆಗೆ ಹಾರುತ್ತದೆ.